‘ಹುಟ್ಟಾ ಆಟಗಾರ್ತಿ’ ಎಂಬ ಮಾತು: ಇವೊನ್ ಗೂಲಗಾಂಗ್ ಅವರ ಬದುಕು ಮತ್ತು ಆಟ



ಸಾಹಿತ್ಯಕ್ಕೆ, ಸಂಗೀತಕ್ಕೆ, ವಚನಗಳ ಅಧ್ಯಯನಕ್ಕೆ ದತ್ತಿ ಇಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆಟದ ಬಗ್ಗೆ ವರ್ಷಕ್ಕೊಂದು ಸಂಜೆ ಕೂತು ಯೋಚಿಸಿ ಎಂದು ಹಣ ತೆಗೆದಿಟ್ಟವರು ಅಪರೂಪ. ಆ ಮನಸ್ಸಿಗೆ ಮೊದಲು ನನ್ನ ನಮಸ್ಕಾರ. ಮೂವತ್ತೊಂದು ವರ್ಷ ಹೈಸ್ಕೂಲಿನ ಮೈದಾನದಲ್ಲಿ ಸೀಟಿ ಊದಿಕೊಂಡಿದ್ದ ಪಿ.ಟಿ. ಟೀಚರನ್ನು ಈ ವೇದಿಕೆಗೆ ಕರೆದಿದ್ದೀರಿ. ಅದಕ್ಕೂ ನಾನು ಋಣಿ.

ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ಆಸ್ಟ್ರೇಲಿಯದ ಇವೊನ್ ಗೂಲಗಾಂಗ್ ಅವರ ಬದುಕನ್ನು. 1970ರ ದಶಕದ ಟೆನಿಸ್ ಅಂಗಳವನ್ನು ಆಳಿದ ನಾಲ್ಕೈದು ಹೆಂಗಸರಲ್ಲಿ ಅವರೊಬ್ಬರು. ಸಿಂಗಲ್ಸ್‌ನಲ್ಲಿ 7 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದವರು. 18 ಸಲ ಫೈನಲ್ ತಲುಪಿದವರು. ಅವರ ಬಗ್ಗೆ ಬರೆದವರೂ ಮಾತಾಡಿದವರೂ ಬಿಡದೆ ಹೇಳಿಕೊಂಡು ಬಂದ ಒಂದು ಮಾತಿದೆ: ಆಕೆ ಹುಟ್ಟಾ ಆಟಗಾರ್ತಿ. ಕೇಳಲು ಇದು ದೊಡ್ಡ ಹೊಗಳಿಕೆ. ಆದರೆ ಈ ಹೊಗಳಿಕೆ ಎಷ್ಟನ್ನು ಮುಚ್ಚಿಹಾಕುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ತಿಳಿಯುವ ಹೊತ್ತಿಗೆ ನಾನೇ ಆ ಮಾತನ್ನು ನೂರಾರು ಮಕ್ಕಳ ಮೇಲೆ ಆಡಿಯಾಗಿತ್ತು. ಗೂಲಗಾಂಗ್ ಅವರ ಕತೆಯನ್ನು ಹಿಡಿದು ಆ ಮಾತನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

*

ಸಿಡ್ನಿಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ಒಳಗೆ, ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬಾರೆಲ್ಲನ್ ಎಂಬ ಸಣ್ಣ ಊರು. ಸುತ್ತ ಗೋಧಿಯ ಹೊಲ, ಕುರಿ ಸಾಕುವ ಬಯಲು. ಇವೊನ್ ಹುಟ್ಟಿದ್ದು 1951ರ ಜುಲೈ 31ರಂದು, ಹತ್ತಿರದ ಗ್ರಿಫಿತ್ ಪಟ್ಟಣದಲ್ಲಿ, ಬೆಳೆದದ್ದು ಬಾರೆಲ್ಲನ್ನಿನಲ್ಲಿ. ಎಂಟು ಮಕ್ಕಳಲ್ಲಿ ಮೂರನೆಯವರು. ತಂದೆ ಕೆನ್ ಊರೂರು ತಿರುಗಿ ಕುರಿಗಳ ಉಣ್ಣೆ ಕತ್ತರಿಸುವ ಕೂಲಿ. ತಾಯಿ ಲಿಂಡಾ. ವಿರಾಡ್ಜುರಿ ಎಂಬ ಮೂಲನಿವಾಸಿ ಜನಾಂಗಕ್ಕೆ ಸೇರಿದ ಕುಟುಂಬ. ಊರಿಗೆಲ್ಲ ಮೂಲನಿವಾಸಿಗಳ ಮನೆ ಎಂದರೆ ಅವರದೊಂದೇ.

ಅದು ಎಂಥ ಕಾಲ ಎಂಬುದನ್ನು ನೆನಪಿಸಿಕೊಳ್ಳಬೇಕು. ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಅನಾಥಾಲಯಗಳಿಗೆ, ಬಿಳಿಯರ ಮನೆಗಳಿಗೆ ಸಾಗಿಸುವುದು ಆಗ ಸರ್ಕಾರದ ಒಪ್ಪಿತ ಪದ್ಧತಿ. ಹಾಗೆ ಕಳೆದುಹೋದವರನ್ನು ಆ ದೇಶ ಇವತ್ತು ‘ಕದ್ದೊಯ್ದ ತಲೆಮಾರುಗಳು’ ಎಂದು ಕರೆಯುತ್ತದೆ. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಅವರ ಕ್ಷಮೆ ಕೇಳಿದರು. ಬಾರೆಲ್ಲನ್ನಿನಲ್ಲೂ ಹೊಸ ಕಾರೊಂದು ಬೀದಿಗೆ ಬಂತೆಂದರೆ ತಾಯಿ ಲಿಂಡಾ ಮಕ್ಕಳನ್ನು ಅವಿತುಕೊಳ್ಳಲು ಹೇಳುತ್ತಿದ್ದರಂತೆ. ಇವೊನ್ ಮಂಚದ ಕೆಳಗೆ ನುಸುಳುತ್ತಿದ್ದರಂತೆ. ಸರ್ಕಾರದ ವೆಲ್‌ಫೇರ್ ಅಧಿಕಾರಿಗಳು ಬಂದು ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ. ಇದನ್ನು ಅವರೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ.

ಆ ಮನೆಯಲ್ಲಿ ಮಗುವಿಗೆ ಸಿಕ್ಕ ಮೊದಲ ರಾಕೆಟ್ ಯಾವುದು ಗೊತ್ತೆ? ಹಣ್ಣು ತುಂಬುವ ಪೆಟ್ಟಿಗೆಯ ಹಲಗೆ. ಅದನ್ನೇ ಅಪ್ಪ ಕೆತ್ತಿ ಹಿಡಿ ಮಾಡಿಕೊಟ್ಟಿದ್ದರು. ಅದನ್ನು ಹಿಡಿದು ಗೋಡೆಗೆ ಚೆಂಡು ಬಡಿಯುವುದು ಹುಡುಗಿಯ ದಿನದ ಆಟ.

ಇಲ್ಲಿ ನನ್ನ ಕಸುಬಿನ ಮಾತೊಂದನ್ನು ಹೇಳಬೇಕು. ಗೋಡೆಗೆ ಚೆಂಡು ಹೊಡೆದು ನೋಡಿದವರಿಗೆ ಗೊತ್ತು, ಅದು ಎದುರಾಳಿಗಿಂತ ಕಠಿಣ. ಗೋಡೆ ತಪ್ಪು ಮಾಡುವುದಿಲ್ಲ, ಸುಸ್ತಾಗುವುದಿಲ್ಲ, ಕೊಟ್ಟ ಚೆಂಡನ್ನು ಕೊಟ್ಟ ಕ್ಷಣವೇ ಹಿಂದಿರುಗಿಸುತ್ತದೆ. ಹೊಡೆದ ಕೈ ಕೆಳಗಿಳಿಯುವಷ್ಟರಲ್ಲಿ ಮೊಣಕಾಲು ಬಗ್ಗಿಸಿ ಮುಂದಿನ ಏಟಿಗೆ ಸಿದ್ಧವಾಗಿರಬೇಕು. ಅದರ ಮೇಲೆ ಹಲಗೆ ಬೇರೆ. ತಂತಿ ಬಿಗಿದ ರಾಕೆಟ್ ಆದರೆ ಚೆಂಡನ್ನು ತಾನೇ ಸ್ವಲ್ಪ ಎಸೆಯುತ್ತದೆ. ಹಲಗೆಯಲ್ಲಿ ಆ ಸಹಾಯವಿಲ್ಲ. ಅಗಲ ಕಡಿಮೆ, ಆದ್ದರಿಂದ ಚೆಂಡು ಹಲಗೆಗೆ ತಾಕುವವರೆಗೂ ಕಣ್ಣು ಕೀಳುವ ಹಾಗಿಲ್ಲ. ಮುಂದೆ ಲಂಡನ್ನಿನ ಪತ್ರಿಕೆಗಳು ಆಕೆಯ ಹಗುರ ಹೆಜ್ಜೆಯನ್ನು, ಚುರುಕು ಕೈಯನ್ನು ಹಾಡಿ ಹೊಗಳಿದವು. ಆ ಹೆಜ್ಜೆ ಮತ್ತು ಕೈ ತಯಾರಾದದ್ದು ಬಾರೆಲ್ಲನ್ನಿನ ಗೋಡೆಯೆದುರು, ಯಾರೂ ನೋಡದ ಸಾವಿರಾರು ಏಟುಗಳಲ್ಲಿ.

ಊರಲ್ಲೊಂದು ಟೆನಿಸ್ ಕ್ಲಬ್ ಇತ್ತು. ಬೇಲಿಯ ತಂತಿಯಾಚೆ ನಿಂತು ಆಟ ನೋಡುತ್ತಿದ್ದ ಹುಡುಗಿಯನ್ನು ಕ್ಲಬ್ಬಿನ ಹಿರಿಯ ಬಿಲ್ ಕರ್ಟ್ಸ್‌ಮನ್ ಒಳಗೆ ಬಂದು ಆಡು ಎಂದು ಕರೆದರು. ಆ ಕಾಲದ ಆಸ್ಟ್ರೇಲಿಯದ ಸಣ್ಣ ಊರುಗಳಲ್ಲಿ ಮೂಲನಿವಾಸಿಗಳಿಗೆ ಈಜುಕೊಳ, ಸಿನಿಮಾ ಮಂದಿರಗಳಲ್ಲೂ ತಡೆ ಇರುತ್ತಿತ್ತು. ಅಂಥಲ್ಲಿ ಒಬ್ಬರು ಬಾಗಿಲು ತೆಗೆದರು. ಸಿಡ್ನಿಯ ಟೆನಿಸ್ ಶಾಲೆಯೊಂದರ ತರಬೇತುದಾರರು ಊರಿಗೆ ಬಂದು ಶಿಬಿರ ನಡೆಸಿದಾಗ ಈ ಹುಡುಗಿ ಅವರ ಕಣ್ಣಿಗೆ ಬಿದ್ದಳು. ಅವರು ತಮ್ಮ ಯಜಮಾನ ವಿಕ್ ಎಡ್ವರ್ಡ್ಸ್‌ಗೆ ತಿಳಿಸಿದರು. ಎಡ್ವರ್ಡ್ಸ್ ಬಂದು ನೋಡಿದರು, ಹೆತ್ತವರನ್ನು ಒಪ್ಪಿಸಿದರು. ಊರಿನವರು ಬಟ್ಟೆಗೆ, ಪ್ರಯಾಣಕ್ಕೆ ಎಂದು ಹಣ ಸೇರಿಸಿದರು. ಹದಿಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲಿ ಇವೊನ್ ತಾಯಿಯ ಮನೆ ಬಿಟ್ಟು ಸಿಡ್ನಿಯಲ್ಲಿ ಎಡ್ವರ್ಡ್ಸ್ ಅವರ ಮನೆ ಸೇರಿದರು. ಅಲ್ಲೇ ಶಾಲೆ, ಅಲ್ಲೇ ಅಭ್ಯಾಸ.

ಈ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದ್ದಕ್ಕೆ ಕಾರಣವಿದೆ. ಅಪ್ಪ ಕೆತ್ತಿದ ಹಲಗೆ, ಅಮ್ಮನ ಎಚ್ಚರ, ಬಾಗಿಲು ತೆಗೆದ ಹಿರಿಯ, ಗುರುತಿಸಿದ ತರಬೇತುದಾರರು, ಹಣ ಕೂಡಿಸಿದ ಊರು, ದಿನಾ ಬೆಳಿಗ್ಗೆ ಸಂಜೆಯ ಅಭ್ಯಾಸ. ‘ಹುಟ್ಟಾ ಆಟಗಾರ್ತಿ’ ಎಂದು ಹೇಳಿ ಮುಗಿಸಿದ ಕೂಡಲೇ ಇವರಾರೂ ಕತೆಯಲ್ಲಿ ಉಳಿಯುವುದಿಲ್ಲ. ಮಂಚದ ಕೆಳಗಿನ ಭಯವೂ ಉಳಿಯುವುದಿಲ್ಲ.

*

1971ರಲ್ಲಿ ಇವೊನ್‌ಗೆ 19 ವರ್ಷ. ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಗೆದ್ದು ವಿಂಬಲ್ಡನ್ನಿಗೆ ಬಂದರು. ಸಣ್ಣವಳಿದ್ದಾಗ ಹುಡುಗಿಯರ ಚಿತ್ರಪತ್ರಿಕೆಯೊಂದರಲ್ಲಿ ವಿಂಬಲ್ಡನ್ ಎಂಬ ಮಾಯಾ ಅಂಗಳದಲ್ಲಿ ಆಡುವ ಹುಡುಗಿಯ ಕತೆ ಓದಿ, ಅದನ್ನೇ ಕನಸು ಕಾಣುತ್ತ ಮಲಗುತ್ತಿದ್ದೆ ಎಂದು ಅವರು ಹೇಳಿದ್ದಾರೆ. ಸೆಮಿಫೈನಲ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಅವರನ್ನು 6-4, 6-4ರಿಂದ ಸೋಲಿಸಿದರು. ಫೈನಲ್‌ನಲ್ಲಿ ಎದುರಿಗಿದ್ದವರು ತನ್ನದೇ ದೇಶದ ಮಾರ್ಗರೆಟ್ ಕೋರ್ಟ್, ಹಿಂದಿನ ವರ್ಷ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದವರು. 6-4, 6-1, ಆಟ ಮುಗಿಯಿತು. ಗೆದ್ದವಳಿಗೆ ಸಿಕ್ಕ ಬಹುಮಾನ 1,800 ಪೌಂಡ್. ಅದೇ ವರ್ಷ ಗಂಡಸರ ವಿಭಾಗದಲ್ಲಿ ಗೆದ್ದವರಿಗೆ 3,750 ಪೌಂಡ್. ಆಟ ಚೆಂದ, ನಗು ಚೆಂದ ಎಂದು ಕೊಂಡಾಡಿದ ಜಗತ್ತು ಕೂಲಿ ಕೊಡುವಾಗ ಅರ್ಧಕ್ಕೂ ಕಡಿಮೆ ಎಣಿಸಿಕೊಟ್ಟಿತು.

ಹೊಗಳಿಕೆಯ ಇನ್ನೊಂದು ಮಗ್ಗುಲು ಬಹುಬೇಗ ಕಾಣಿಸಿತು. ಇವೊನ್ ಒಮ್ಮೊಮ್ಮೆ ಗೆಲ್ಲುತ್ತಿದ್ದ ಆಟದ ನಡುವೆ ನಾಲ್ಕಾರು ಗೇಮ್ ಕಳೆದುಕೊಳ್ಳುತ್ತಿದ್ದರು. ಎಲ್ಲ ಆಟಗಾರರಿಗೂ ಹಾಗೆ ಆಗುತ್ತದೆ. ಬೇರೆಯವರಿಗೆ ಆದರೆ ಏಕಾಗ್ರತೆ ತಪ್ಪಿತು ಎನ್ನುತ್ತಿದ್ದರು. ಇವೊನ್‌ಗೆ ಆದಾಗ ಮಾತ್ರ ‘ವಾಕಬೌಟ್’ ಹೋದಳು ಎಂದು ಬರೆದರು. ಮೂಲನಿವಾಸಿಗಳು ಮಾಡುತ್ತಿರುವ ಕೆಲಸ ಬಿಟ್ಟು ಇದ್ದಕ್ಕಿದ್ದಂತೆ ಅಲೆಯಲು ಹೊರಡುತ್ತಾರೆ ಎಂದು ಬಿಳಿಯರು ಹಗುರವಾಗಿ ಆಡುತ್ತಿದ್ದ ಮಾತು ಅದು. 1980ರ ವಿಂಬಲ್ಡನ್ ಫೈನಲ್ಲಿಗೆ ಮುಂಚೆ ವಿಕ್ಟೋರಿಯಾ ರಾಜ್ಯ ಸರ್ಕಾರದ ಮುಖ್ಯಸ್ಥ ರೂಪರ್ಟ್ ಹೇಮರ್ ಅವರೂ ಇದೇ ಪದವನ್ನು, ಮೂಲನಿವಾಸಿಗಳ ಮೇಲಿನ ಕೊಳಕು ಬೈಗುಳವೊಂದರ ಜೊತೆಗೆ, ಬಳಸಿದರು.

ಗಮನಿಸಿ, ಎರಡು ಮಾತೂ ಒಂದೇ ಬಳ್ಳಿಯ ಕಾಯಿ. ಗೆದ್ದರೆ ಅವಳ ಹುಟ್ಟು ಗೆಲ್ಲಿಸಿತು. ಸೋತರೆ ಅವಳ ಹುಟ್ಟು ಸೋಲಿಸಿತು. ಗೆಲುವಿನಲ್ಲಿ ಅವಳ ದುಡಿಮೆಗೆ ಜಾಗವಿಲ್ಲ, ಸೋಲಿನಲ್ಲಿ ಅವಳ ದಣಿವಿಗೆ ಜಾಗವಿಲ್ಲ. ಹುಟ್ಟಿನ ಲೆಕ್ಕದಲ್ಲಿ ಹೊಗಳಿಸಿಕೊಂಡವರು ಒಂದಲ್ಲ ಒಂದು ದಿನ ಅದೇ ಲೆಕ್ಕದಲ್ಲಿ ಬೈಸಿಕೊಳ್ಳಬೇಕಾಗುತ್ತದೆ.

ಇದರ ಅತಿರೇಕವನ್ನು ಅವರು ದಕ್ಷಿಣ ಆಫ್ರಿಕದಲ್ಲಿ ಕಂಡರು. 1970ರ ದಶಕದ ಆರಂಭದಲ್ಲಿ ಅಲ್ಲಿ ಆಡಲು ಹೋದಾಗ ವರ್ಣಭೇದದ ಸರ್ಕಾರ ಅವರನ್ನು ‘ಗೌರವ ಬಿಳಿಯಳು’ ಎಂಬ ವರ್ಗಕ್ಕೆ ಸೇರಿಸಿ ಒಳಗೆ ಬಿಟ್ಟಿತು. ಹೋಗಬಾರದಿತ್ತು ಎಂದು ಸ್ವದೇಶದಲ್ಲಿ ಟೀಕೆ ಬಂತು. ಆ ಎರಡು ಪದಗಳನ್ನು ಸ್ವಲ್ಪ ಯೋಚಿಸಿ. ಚೆನ್ನಾಗಿ ಆಡುತ್ತೀಯ, ಆದ್ದರಿಂದ ಕೆಲವು ದಿನದ ಮಟ್ಟಿಗೆ ನಿನ್ನ ಅಪ್ಪ ಅಮ್ಮನ ಮಗಳಾಗಿರಬೇಡ ಎಂದ ಹಾಗಾಯಿತು.

*

ಅಂಕಿಗಳ ಲೋಕದಲ್ಲೂ ಅವರಿಗೆ ವಿಚಿತ್ರ ಅನುಭವಗಳಾದವು. ಅಮೆರಿಕದ ಓಪನ್‌ನಲ್ಲಿ 1973ರಿಂದ 1976ರವರೆಗೆ ಸತತ ನಾಲ್ಕು ವರ್ಷ ಫೈನಲ್ ತಲುಪಿ ನಾಲ್ಕರಲ್ಲೂ ಸೋತರು. ಮನೆಯಂಗಳದ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಾಲ್ಕು ಸಲ ಗೆದ್ದರು. ಈ ನಡುವೆಯೇ 1974ರಲ್ಲಿ ತಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1976ರ ಏಪ್ರಿಲ್ ಕೊನೆಯಲ್ಲಿ ಎರಡು ವಾರ ಇವೊನ್ ಜಗತ್ತಿನ ನಂ. 1 ಆಟಗಾರ್ತಿಯಾಗಿದ್ದರು. ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ದಿನಗಳ ಲೆಕ್ಕದ ಕಾಗದಗಳು ಕಾಣೆಯಾಗಿದ್ದವು. ಹಳೆಯ ದಾಖಲೆಗಳನ್ನು ಮತ್ತೆ ಕೂಡಿಸಿ ನೋಡಿದಾಗ, 2007ರಲ್ಲಿ, ವಿಷಯ ಹೊರಬಿತ್ತು. ಮೂವತ್ತೊಂದು ವರ್ಷದ ಮೇಲೆ ಪಟ್ಟಿಗೆ ಹೆಸರು ಸೇರಿತು.

ಕಾಗದ ಕಳೆದದ್ದು ಆಕಸ್ಮಿಕ. ಅದರ ಹಿಂದೆ ಯಾರ ಕೈವಾಡವನ್ನೂ ನಾನು ಹುಡುಕುವುದಿಲ್ಲ. ಆದರೂ ಇದನ್ನು ಓದುವಾಗ ಇನ್ನೊಂದು ಲೆಕ್ಕ ನೆನಪಾಗದೆ ಇರದು. ಆಸ್ಟ್ರೇಲಿಯದ ಸಂವಿಧಾನದಲ್ಲಿ 127ನೆಯ ಕಲಮು ಎಂದು ಒಂದಿತ್ತು: ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸತಕ್ಕದ್ದಲ್ಲ. 1967ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಜನ ಒಪ್ಪಿ ಆ ಕಲಮನ್ನು ತೆಗೆದುಹಾಕಿದರು. ಆ ವರ್ಷ ಇವೊನ್‌ಗೆ ಹದಿನೈದು ತುಂಬಿ ಹದಿನಾರು. ಸಿಡ್ನಿಯ ಅಂಗಳದಲ್ಲಿ ಪ್ರತಿಯೊಂದು ಪಾಯಿಂಟಿಗೂ ಲೆಕ್ಕ ಇಟ್ಟು ಆಡುತ್ತಿದ್ದ ಹುಡುಗಿ ತನ್ನ ದೇಶದ ತಲೆಯೆಣಿಕೆಗೆ ಸಿಗುವ ಹಕ್ಕು ಪಡೆದದ್ದು ಆಗ.

1975ರಲ್ಲಿ ಅವರು ರೋಜರ್ ಕಾಲಿ ಅವರನ್ನು ಮದುವೆಯಾದರು. ತರಬೇತುದಾರ, ಪಾಲಕ, ವ್ಯವಸ್ಥಾಪಕ ಮೂರೂ ಆಗಿದ್ದ ಎಡ್ವರ್ಡ್ಸ್ ಅವರ ಜೊತೆಗಿನ ಸಂಬಂಧ ಅಷ್ಟರಲ್ಲಿ ಕಹಿಯಾಗಿ ಮುರಿಯಿತು. ಶಿಕ್ಷಕಿಯಾಗಿ ನಾನು ಇದರಿಂದ ಕಲಿತ ಪಾಠವೊಂದಿದೆ: ಎಷ್ಟೇ ಉಪಕಾರ ಮಾಡಿದವರಾಗಲಿ, ಒಂದು ಮಗುವಿನ ಆಟ, ಮನೆ, ಹಣ ಮೂರೂ ಒಬ್ಬರ ಕೈಯಲ್ಲಿ ಇರಬಾರದು. ಹೇಳಿಕೊಳ್ಳಲು ಆ ಮಗುವಿಗೆ ಬೇರೆ ಮನೆಯೇ ಇರುವುದಿಲ್ಲ.

1977ರ ಮೇ ತಿಂಗಳಲ್ಲಿ ಮಗಳು ಹುಟ್ಟಿದಳು. ಅದೇ ಡಿಸೆಂಬರಿನಲ್ಲಿ ತಾಯಿ ಮತ್ತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಬಾಣಂತನ ಮುಗಿಸಿದ ಮೈಯನ್ನು ಆ ಮಟ್ಟದ ಆಟಕ್ಕೆ ಸಜ್ಜುಗೊಳಿಸುವುದು ಎಂಥ ಕೆಲಸ ಎಂಬುದು ಈ ಸಭೆಯಲ್ಲಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಹುಟ್ಟಿನಿಂದ ಬಂದ ವರ ಅಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ಹೊಟ್ಟೆಯ ಸ್ನಾಯುಗಳನ್ನು ಮೊದಲಿನಿಂದ ಕಟ್ಟಬೇಕು. ಹತ್ತು ಹೆಜ್ಜೆ ಓಡುವುದನ್ನೂ ಹೊಸದಾಗಿ ಕಲಿಯಬೇಕು.

ಹಾಗೆ ಕಟ್ಟಿದ ದೇಹದೊಂದಿಗೆ, ಮೊದಲ ಗೆಲುವಿನ ಒಂಬತ್ತು ವರ್ಷದ ಮೇಲೆ, 1980ರಲ್ಲಿ ಅವರು ಮತ್ತೆ ವಿಂಬಲ್ಡನ್ ಫೈನಲ್ ತಲುಪಿದರು. ಈ ನಡುವೆ ಅಲ್ಲಿ 1972, 1975, 1976ರಲ್ಲಿ ಮೂರು ಫೈನಲ್ ಸೋತಿದ್ದರು. ಸೆಮಿಫೈನಲ್‌ನಲ್ಲಿ ಟ್ರೇಸಿ ಆಸ್ಟಿನ್ ಎದುರು ಮೊದಲ ಸೆಟ್ ಗೆದ್ದು, ಎರಡನೆಯದನ್ನು 0-6ರಿಂದ ಕಳೆದುಕೊಂಡು, ಮೂರನೆಯದನ್ನು 6-4ರಿಂದ ಗೆದ್ದುಕೊಂಡರು. ಅಲೆಯಲು ಹೋಗುವವಳು ಎಂದು ಯಾರನ್ನು ಹಂಗಿಸಿದ್ದರೋ ಆಕೆ ಸೊನ್ನೆಗೆ ಇಳಿದ ಸೆಟ್ಟಿನ ಮರುಗಳಿಗೆಯೇ ಕಾಲೂರಿ ನಿಂತರು. ಫೈನಲ್‌ನಲ್ಲಿ ಕ್ರಿಸ್ ಎವರ್ಟ್ ಎದುರು 6-1, 7-6. ವಿಂಬಲ್ಡನ್ನಿನ ಸಿಂಗಲ್ಸ್ ಫೈನಲ್ ಒಂದು ಟೈಬ್ರೇಕರಿನಲ್ಲಿ ಮುಗಿದದ್ದು ಅದೇ ಮೊದಲು. 1914ರಲ್ಲಿ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ಗೆದ್ದ ಮೇಲೆ, 66 ವರ್ಷಗಳಲ್ಲಿ, ತಾಯಿಯೊಬ್ಬಳು ಅಲ್ಲಿ ಸಿಂಗಲ್ಸ್ ಗೆದ್ದದ್ದೂ ಅದೇ ಮೊದಲು.

*

ಇದು ದೂರದ ದೇಶದ ಕತೆ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ನಮ್ಮ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಇಲ್ಲಿಗೆ ಬಂದವರ ಸಂತತಿ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಹಾಸ್ಟೆಲುಗಳಲ್ಲಿಟ್ಟು ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಆಫ್ರಿಕ ಮೂಲದವರಿಗೆ ಓಟ ರಕ್ತದಲ್ಲೇ ಬಂದಿರುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿತ್ತು. ಮಕ್ಕಳು ದುಡಿದರು, ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು. 1990ರ ದಶಕದಲ್ಲಿ ಸಿದ್ದಿ ಮಕ್ಕಳಿಗೆ ಆ ತರಬೇತಿ ನಿಂತಿತು, ಮಕ್ಕಳು ಊರಿಗೆ ಮರಳಿದರು.

ಆ ಪದಕಗಳನ್ನು ತಂದದ್ದು ಹೊತ್ತಿಗೆ ಸರಿಯಾದ ಊಟ, ಕಾಲಿಗೆ ಬೂಟು, ದಿನಾ ಬೆಳಿಗ್ಗೆ ಟ್ರ್ಯಾಕಿನ ಪಕ್ಕ ನಿಂತ ಕೋಚು ಮತ್ತು ಮಕ್ಕಳ ಬೆವರು. ರಕ್ತವೇ ಓಡಿಸುವುದಾದರೆ ಹಾಸ್ಟೆಲ್ ಮುಚ್ಚಿದ ಮೇಲೂ ಓಡಿಸಬೇಕಿತ್ತು. ರಕ್ತವನ್ನು ನಂಬಿ ಶುರುಮಾಡಿದ ಕೆಲಸದಲ್ಲಿ ತಾಳ್ಮೆ ಇರುವುದಿಲ್ಲ. ಫಲ ತಾನಾಗಿ ಉದುರುತ್ತದೆ ಎಂದು ಕಾಯುತ್ತೇವೆ, ಉದುರದಿದ್ದರೆ ಮರವನ್ನೇ ಬೈಯುತ್ತೇವೆ. ಹುಟ್ಟು ನೋಡಿ ಮನುಷ್ಯರನ್ನು ಅಳೆಯುವ ಅಭ್ಯಾಸ ನಮಗೆ ಹಳೆಯದು. ಆ ಅಳತೆಗೋಲು ಮೈದಾನಕ್ಕೆ ಬರುವಾಗ ಹೊಗಳಿಕೆಯ ವೇಷ ಹಾಕಿಕೊಂಡಿರುತ್ತದೆ.

ಆ ವೇಷಕ್ಕೆ ನಾನೂ ಮರುಳಾಗಿದ್ದೆ. ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಕೂಲಿಯವರ ಮಗಳು, ಮೂರು ಕಿಲೋಮೀಟರು ನಡೆದು ಬರುತ್ತಿದ್ದಳು. ಬರಿಗಾಲಲ್ಲಿ ಓಡಿದರೂ ಹುಡುಗರನ್ನು ಹಿಂದೆ ಹಾಕುತ್ತಿದ್ದಳು. ಅವಳಿಗೆ ಹೇಳಿಕೊಡುವುದೇನಿದೆ, ಹುಟ್ಟಾ ಓಟಗಾರ್ತಿ ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಉಳಿದ ಹುಡುಗಿಯರಿಗೆ ಕೂತು ಏಳುವ ಸ್ಟಾರ್ಟ್ ಕಲಿಸಿದೆ, ಕೈ ಬೀಸುವುದು ಕಲಿಸಿದೆ. ಅವಳನ್ನು ಅವಳ ಪಾಡಿಗೆ ಬಿಟ್ಟೆ. ಜಿಲ್ಲಾ ಕ್ರೀಡಾಕೂಟದಲ್ಲಿ 200 ಮೀಟರ್ ಓಟ. ಅಂಕಣದಲ್ಲಿ ಸ್ಟಾರ್ಟಿಂಗ್ ಬ್ಲಾಕ್ ಇಟ್ಟಿದ್ದರು. ಅಕ್ಕಪಕ್ಕದ ಹುಡುಗಿಯರು ಹಿಂದೆ ಸರಿದು, ಕಾಲು ಕೊಟ್ಟು, ಬೆರಳೂರಿ ಕೂತರು. ಇವಳು ಆ ಕಬ್ಬಿಣದ ವಸ್ತುವನ್ನು ನೋಡುತ್ತ ನಿಂತಳು. ಆಮೇಲೆ ಅವರನ್ನು ನೋಡಿ ತಾನೂ ಬಗ್ಗಿದಳು. ಒಂದು ಕಾಲು ಬ್ಲಾಕಿನ ಮೇಲೆ, ಇನ್ನೊಂದು ಮಣ್ಣಿನಲ್ಲಿ. ಗುಂಡಿನ ಸದ್ದಿಗೆ ಮುಗ್ಗರಿಸಿದಳು. ಎದ್ದು ಓಡಿ ನಾಲ್ಕನೆಯವಳಾಗಿ ಬಂದಳು. ಆಯ್ಕೆ ಇದ್ದದ್ದು ಮೊದಲ ಇಬ್ಬರಿಗೆ.

ಬಸ್ಸಿನಲ್ಲಿ ಬರುವಾಗ ಅವಳು ಅಳಲಿಲ್ಲ. ಮೊಣಕೈಯ ತರಚು ಗಾಯ ಊದಿಕೊಳ್ಳುತ್ತ, ‘ಮಿಸ್, ಅದರಲ್ಲಿ ಕಾಲು ಹೆಂಗ್ ಇಡಬೇಕಿತ್ತು?’ ಎಂದು ಕೇಳಿದಳು.

*

ಆಟದಿಂದ ನಿವೃತ್ತರಾದ ಮೇಲೆ ಇವೊನ್ ಬಹುಕಾಲ ಅಮೆರಿಕದಲ್ಲಿದ್ದರು. 1991ರಲ್ಲಿ ತಾಯಿ ತೀರಿಕೊಂಡಾಗ ಊರಿಗೆ ಬಂದವರಿಗೆ ತನ್ನ ಜನರ ಬಗ್ಗೆ ತನಗೆ ಎಷ್ಟು ಕಡಿಮೆ ಗೊತ್ತು ಎಂದು ಅರಿವಾಯಿತು. ಕುಟುಂಬ ಸಮೇತ ಆಸ್ಟ್ರೇಲಿಯಕ್ಕೆ ಮರಳಿ, ಹಿರಿಯರನ್ನು ಹುಡುಕಿ ಮಾತಾಡಿ, ತನ್ನ ಮೂಲವನ್ನು ಹೊಸದಾಗಿ ಕಲಿತರು. ನೋಡಿ, ಬೇರನ್ನೂ ಅವರು ಕಲಿತೇ ಪಡೆದರು. ಆಮೇಲೆ ಮೂಲನಿವಾಸಿ ಮಕ್ಕಳಿಗಾಗಿ ದೇಶದ ಹಲವೆಡೆ ಟೆನಿಸ್ ಶಿಬಿರಗಳನ್ನು ಕಟ್ಟಿದರು. ಅವರ ಪ್ರತಿಷ್ಠಾನ ಆ ಮಕ್ಕಳ ಓದಿಗೂ ನೆರವಾಗುತ್ತದೆ. ನಾನು ಹುಟ್ಟಾ ಆಟಗಾರ್ತಿ ಎಂದು ಅವರೇ ನಂಬಿದ್ದರೆ ಶಿಬಿರ ಯಾಕೆ ಬೇಕಿತ್ತು? ಹಲಗೆ ಕೊಡುವ, ಬಾಗಿಲು ತೆಗೆಯುವ, ಹೇಳಿಕೊಡುವ ಕೈಗಳು ತಾನಾಗಿ ಹುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ನಗಾರಿಗೊ ಎಂಬ ಮೂಲನಿವಾಸಿ ಜನಾಂಗದ ಆಶ್ಲಿ ಬಾರ್ಟಿ 2021ರಲ್ಲಿ ವಿಂಬಲ್ಡನ್ ಗೆದ್ದರು. ಇವೊನ್ ಅವರ ಮೊದಲ ಗೆಲುವಿಗೆ ಆಗ ಸರಿಯಾಗಿ ಐವತ್ತು ವರ್ಷ. 1971ರಲ್ಲಿ ಇವೊನ್ ತೊಟ್ಟಿದ್ದ ಉಡುಪಿನ ಅಂಚನ್ನೇ ನೆನಪಿಸುವ ಉಡುಪು ತೊಟ್ಟು ಬಾರ್ಟಿ ಆಡಿದರು. ಬಾರೆಲ್ಲನ್ ಊರಿನವರು 2009ರಲ್ಲಿ ತಮ್ಮ ಮಗಳ ಗೌರವಕ್ಕೆ 13.8 ಮೀಟರ್ ಉದ್ದದ ಟೆನಿಸ್ ರಾಕೆಟ್ಟೊಂದನ್ನು ನಿಲ್ಲಿಸಿದ್ದಾರೆ. ಆ ದೊಡ್ಡ ರಾಕೆಟ್ಟಿನ ಚಿತ್ರ ನೋಡುವಾಗೆಲ್ಲ ನನ್ನ ಕಣ್ಣು ಅದರ ಪಕ್ಕದಲ್ಲಿ ಹಣ್ಣಿನ ಪೆಟ್ಟಿಗೆಯ ಹಲಗೆಯೊಂದನ್ನು ಹುಡುಕುತ್ತದೆ.

ಶಿಕ್ಷಕ ಬಂಧುಗಳೆ, ನಾಳೆ ನಿಮ್ಮ ಮೈದಾನದಲ್ಲಿ ಒಂದು ಮಗು ಎಲ್ಲರಿಗಿಂತ ಮುಂದೆ ಓಡುತ್ತದೆ. ಹುಟ್ಟಾ ಪ್ರತಿಭೆ ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು ಆ ಮಗುವಿನ ಹತ್ತಿರ ಹೋಗಿ. ಬೆಳಿಗ್ಗೆ ಏನು ತಿಂದೆ, ಯಾರು ಹೇಳಿಕೊಟ್ಟರು, ಇನ್ನೇನು ಕಲಿಯಬೇಕು ಎಂದು ಕೇಳಿ.

ಬಸ್ಸಿನಲ್ಲಿ ಅವತ್ತು ನಾನು ಉತ್ತರ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಎರಡು ಇಟ್ಟಿಗೆ ತಂದು ಮೈದಾನದಲ್ಲಿ ಹೂತು, ಆ ಹುಡುಗಿಯ ಕಾಲು ಹಿಡಿದು ತೋರಿಸಿದೆ: ಮುಂದಿನ ಕಾಲು ಗೆರೆಯಿಂದ ಎರಡು ಪಾದದಷ್ಟು ಹಿಂದೆ, ಹಿಂದಿನ ಕಾಲು ಅದರಿಂದ ಇನ್ನೊಂದು ಪಾದ. ಅವಳು ಆಗ ಹತ್ತನೇ ಕ್ಲಾಸು; ಅವಳಿಗೆ ಇನ್ನು ಕ್ರೀಡಾಕೂಟ ಉಳಿದಿರಲಿಲ್ಲ. ಆದರೂ ವಾರವೆಲ್ಲ ಬಂದು ಕಲಿತಳು. ಆ ಇಟ್ಟಿಗೆಗಳನ್ನು ನಾನು ನಿವೃತ್ತಳಾಗುವವರೆಗೂ ಕೀಳಲಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಎಲ್ಲರಿಗಿಂತ ವೇಗವಾಗಿ ಓಡುವ ಮಗುವನ್ನೇ ಮೊದಲು ಅಲ್ಲಿಗೆ ಕರೆಯುತ್ತಿದ್ದೆ.